ಮುದ್ದೆ-ಸಾರಿನ ಮನೆಯಲ್ಲಿ ಎಂಡೊಮೆಟ್ರಿಯೋಸಿಸ್: ನೀವೆಲ್ಲ ಅಡುಗೆ ಹೇಗೆ ಹೊಂದಿಸಿಕೊಳ್ಳುತ್ತೀರಿ?

ಪಾಸ್‌ಹೋಲ್ಡರ್_ತುಮಕೂರು
ಎಲ್ಲರಿಗೂ ನಮಸ್ಕಾರ. ನನಗೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆದು ನೋವು ಕೊಡುವ ಕಾಯಿಲೆ) ಇದೆ ಎಂದು ಈ ವರ್ಷ ಗೊತ್ತಾಯಿತು. ಅದಕ್ಕೆ ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ನಡೆಯುತ್ತಿದೆ. ಊಟದ ಬಗ್ಗೆ ಕೇಳಿದರೆ ಡಾಕ್ಟರ್ "ಚೆನ್ನಾಗಿ ತಿನ್ನಿ, ಹೊರಗಡೆದು ಕಡಿಮೆ ಮಾಡಿ" ಎಂದು ಕಳಿಸಿದರು. ಮನೆಗೆ ಬಂದು ಯೂಟ್ಯೂಬ್ ನೋಡಿದೆ, ತಲೆ ಕೆಟ್ಟಿತು. ಒಬ್ಬರು ಹಾಲು ಬಿಡಿ ಅಂತಾರೆ, ಇನ್ನೊಬ್ಬರು ಗೋಧಿ ಬಿಡಿ, ಮತ್ತೊಬ್ಬರು ಸಕ್ಕರೆ, ಕಾಫಿ, ಬೇಳೆ ಎಲ್ಲ ಬಿಡಿ ಅಂತಾರೆ. ಅಷ್ಟೂ ಬಿಟ್ಟರೆ ಉಳಿಯುವುದು ನೀರು, ಜೊತೆಗೆ ಅವರು ಮಾರುವ ಪುಡಿ.

ನಮ್ಮದು ಮುದ್ದೆ-ಸಾರಿನ ಮನೆ. ಅತ್ತೆ, ಮಾವ, ಗಂಡ, ಮಗ ಇದ್ದಾರೆ. ನಾನು ದಿನಾ ಟ್ರೇನಲ್ಲಿ ಯಶವಂತಪುರಕ್ಕೆ ಹೋಗಿಬರುವವಳು. ನನ್ನೊಬ್ಬಳಿಗೆ ಬೇರೆ ಅಡುಗೆ ಮಾಡಿಕೊಳ್ಳುವ ಮಾತೇ ಇಲ್ಲ. ನೋವಿಗಿಂತ ಜಾಸ್ತಿ ಕಾಡುತ್ತಿರುವುದು ಹೊಟ್ಟೆ ಉಬ್ಬರ. ಸಂಜೆ ಟ್ರೇನಲ್ಲಿ ಚೂಡಿದಾರದ ಲಾಡಿ ಸಡಿಲ ಮಾಡಿಕೊಂಡು ಕೂರಬೇಕು. ಸೀಟು ಬಿಟ್ಟುಕೊಟ್ಟವರೊಬ್ಬರು "ಎಷ್ಟು ತಿಂಗಳಮ್ಮ?" ಎಂದು ಕೇಳಿದರು. ಏನು ಹೇಳಲಿ?

ಈಗ ಅವರೆಕಾಯಿ ಸೀಸನ್ ಬೇರೆ. ಮನೆಯಲ್ಲಿ ಮೂರು ಹೊತ್ತೂ ಅದೇ. ವಾರದ ಅಡುಗೆಯನ್ನು ನೀವು ಹೇಗೆ ಯೋಚಿಸಿಕೊಳ್ಳುತ್ತೀರಿ, ಅದನ್ನು ಹೇಳಿ. ಪುಡಿ ಮಾರುವವರು ಬರಬೇಡಿ.

ಚಿಂತಾಮಣಿಯವಳು
ಅಕ್ಕ, ನನಗೂ ಇದೆ, ಆಪರೇಷನ್ನೂ ಆಗಿದೆ. "ಎಷ್ಟು ತಿಂಗಳು" ಅನ್ನೋದು ನನಗೂ ಮಾಮೂಲಿ. ನಾನೀಗ "ಒಂಬತ್ತು" ಅಂತಲೇ ಹೇಳಿ ಆರಾಮಾಗಿ ಕೂರುತ್ತೇನೆ.

ಉಬ್ಬರಕ್ಕೆ ನನಗೆ ಕೆಲಸ ಮಾಡಿದ್ದು ರಾತ್ರಿ ಊಟ ಬೇಗ ಮುಗಿಸಿದ್ದು, ಒಂದೇ ಸಲ ಹೊಟ್ಟೆ ಬಿರಿಯ ತಿನ್ನೋದು ಬಿಟ್ಟಿದ್ದು. ಮಧ್ಯಾಹ್ನದ ಡಬ್ಬಿಯನ್ನು ಎರಡು ಪಾಲು ಮಾಡಿ, ಒಂದು ಪಾಲು ನಾಲ್ಕು ಗಂಟೆಗೆ ತಿನ್ನುತ್ತೇನೆ. ಆಗ ಸಂಜೆ ಬೇಕರಿ ಪಫ್ ಕಡೆ ಕೈ ಹೋಗುವುದಿಲ್ಲ.

ನಾಟಿಮದ್ದು_ಅಭಿಮಾನಿ
ಇದಕ್ಕೆಲ್ಲ ಇಷ್ಟು ಯೋಚನೆ ಯಾಕಮ್ಮ? ರಾತ್ರಿ ಹಾಲಿಗೆ ಅರಿಶಿನ ಹಾಕಿ ಕುಡಿಯಿರಿ. ಒಳಗಿನ ಗೆಡ್ಡೆ ತಾನಾಗಿ ಕರಗುತ್ತದೆ. ಇಂಗ್ಲಿಷ್ ಮಾತ್ರೆ ಉಷ್ಣ, ಅದನ್ನು ಮೊದಲು ನಿಲ್ಲಿಸಿ.

ಕೋಲಾರ_ಡಯಟ್
ಸರ್, ಮಾತ್ರೆ ನಿಲ್ಲಿಸಿ ಎಂದು ದಯವಿಟ್ಟು ಹೇಳಬೇಡಿ. ಅರಿಶಿನ ಹಾಲು ಕುಡಿಯಲಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಅದರಿಂದಾಗಲಿ, ಬೇರೆ ಯಾವುದೇ ಊಟದಿಂದಾಗಲಿ ಎಂಡೊಮೆಟ್ರಿಯೋಸಿಸ್ ಕರಗಿದ ದಾಖಲೆ ಇಲ್ಲ. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಸುತ್ತ ಬೆಳೆಯುವುದು ಈ ಕಾಯಿಲೆ. ಔಷಧಿ, ಆಪರೇಷನ್ ಬೇರೆ. ಊಟದ ಕೆಲಸ ಬೇರೆ: ಉಬ್ಬರ, ಮಲಬದ್ಧತೆ, ಸುಸ್ತು, ರಕ್ತ ಕಡಿಮೆ ಇರುವುದು ಇವನ್ನು ತಗ್ಗಿಸೋದು. ಅಷ್ಟಾದರೂ ದೊಡ್ಡ ಸಮಾಧಾನವೇ.

ನಾನು ಆಸ್ಪತ್ರೆಯಲ್ಲಿ ಡಯಟಿಷಿಯನ್. ಪಾಸ್‌ಹೋಲ್ಡರ್ ಮೇಡಂ, ನಿಮ್ಮ ಪಟ್ಟಿಗೆ ಒಂದೊಂದಾಗಿ ಹೇಳುತ್ತೇನೆ.

ಗೋಧಿ: 2012ರಲ್ಲಿ ಇಟಲಿಯ ಒಂದು ಅಧ್ಯಯನ ಬಂತು. ಎಂಡೊ ಇದ್ದ 207 ಹೆಂಗಸರು ಒಂದು ವರ್ಷ ಗ್ಲುಟೆನ್ (ಗೋಧಿಯಲ್ಲಿರುವ ಒಂದು ಪ್ರೋಟೀನ್) ಬಿಟ್ಟರು, 75% ಮಂದಿಗೆ ನೋವು ತಗ್ಗಿತು. ಯೂಟ್ಯೂಬಿನವರು ಎತ್ತಿ ಹೇಳುವುದು ಇದನ್ನೇ. ಆದರೆ ಗ್ಲುಟೆನ್ ಬಿಡದೆ ಇದ್ದ ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲ. ಹಾಗಾಗಿ ಗೋಧಿ ಬಿಟ್ಟಿದ್ದಕ್ಕೇ ತಗ್ಗಿತು ಎಂದು ಹೇಳೋಕಾಗಲ್ಲ. ಮುದ್ದೆ ಮನೆಯವರು ಇದಕ್ಕೆ ತಲೆ ಕೆಡಿಸಿಕೊಳ್ಳೋದೇ ಬೇಡ. ರಾಗಿಯಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ.

ಹಾಲು: ಕುಡಿದರೆ ಹೊಟ್ಟೆ ಗುಡುಗುಡು ಅಂದರೆ ಬಿಡಿ. ಇಲ್ಲದಿದ್ದರೆ ಸುಮ್ನೆ ಬಿಡಬೇಡಿ. ಹಾಲು ಒಗ್ಗದವರಿಗೂ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿಸುವ ಕೆಲವು ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಮೂಳೆ ಸವೆತದ ಭಯ ಇರುತ್ತದೆ. ಅಂಥವರು ಕ್ಯಾಲ್ಸಿಯಂ ಬಿಡಲೇಬಾರದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದು ನಮ್ಮ ಅದೃಷ್ಟ.

ಬೇಳೆ-ಕಾಳು: ಉಬ್ಬರದ ಅಸಲಿ ಕಥೆ ಇಲ್ಲಿದೆ. ಊಟ ಮುಗಿಸಿ ಬಂದು ಬರೆಯುತ್ತೇನೆ.

ಮಾಲೂರು_ಡೈರಿ
ಹಾಲು ಬಿಡಿ ಅನ್ನೋ ಯೂಟ್ಯೂಬಿನವರನ್ನು ನಮ್ಮ ಕೊಟ್ಟಿಗೆಗೆ ಕಳಿಸಿ. ಎರಡು ದಿನ ಸಗಣಿ ಬಾಚಲಿ.

ಕೋಲಾರ_ಡಯಟ್
ಊಟ ಆಯಿತು. (ಹಿದುಕಿದ ಬೇಳೆ ಸಾರು. ನಗಬೇಡಿ.)

ಕೆಲವು ಬಗೆಯ ಸಕ್ಕರೆ ಅಂಶಗಳು ಸಣ್ಣ ಕರುಳಲ್ಲಿ ಅರಗುವುದಿಲ್ಲ. ಹಾಗೇ ದೊಡ್ಡ ಕರುಳಿಗೆ ಹೋಗಿ ಅಲ್ಲಿ ಹುಳಿ ಬಂದು ಗ್ಯಾಸ್ ಆಗುತ್ತವೆ. ಇವಕ್ಕೆ ಒಟ್ಟಾಗಿ ಫಾಡ್‌ಮ್ಯಾಪ್ ಅಂತಾರೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳಲ್ಲಿ ಜಾಸ್ತಿ. ಎಲ್ಲರಿಗೂ ಗ್ಯಾಸ್ ಆಗುತ್ತದೆ. ಆದರೆ ಎಂಡೊ ಇರುವವರ ಕರುಳು ಸ್ವಲ್ಪ ಹಿಗ್ಗಿದರೂ ನೋವು ಎತ್ತಿ ತೋರಿಸುತ್ತದೆ. ಈ ಅಂಶಗಳನ್ನು ಕಡಿಮೆ ಮಾಡುವ ಊಟದ ಕ್ರಮ ಬಂದಿದ್ದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಿಂದ. 2017ರ ಒಂದು ಅಧ್ಯಯನದಲ್ಲಿ, ಕರುಳಿನ ತೊಂದರೆ ಜೊತೆಗೆ ಎಂಡೊ ಇದ್ದವರಲ್ಲಿ 72% ಮಂದಿಗೆ ನಾಲ್ಕು ವಾರದಲ್ಲಿ ಹೊಟ್ಟೆಯ ತೊಂದರೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಎಂಡೊ ಇಲ್ಲದೆ ಕರುಳಿನ ತೊಂದರೆ ಮಾತ್ರ ಇದ್ದವರಲ್ಲಿ 49%. ಇಳಿದದ್ದು ಹೊಟ್ಟೆಯ ತೊಂದರೆ, ಕಾಯಿಲೆ ಅಲ್ಲ. ಅದು ನೆನಪಿರಲಿ.

ಇದು ಜೀವಮಾನದ ಪಥ್ಯ ಅಲ್ಲ. ಎರಡರಿಂದ ಆರು ವಾರ ಕಡಿಮೆ ಮಾಡಿ, ಆಮೇಲೆ ಒಂದೊಂದನ್ನೇ ವಾಪಸ್ ತಂದು ಯಾವುದು ಆಗಲ್ಲ ಎಂದು ನೋಡಬೇಕು. ಮೊದಲೇ ತೂಕ ಕಡಿಮೆ ಇರುವವರು ಇದನ್ನು ತಾವಾಗಿ ಮಾಡಬಾರದು.

ಪಾಸ್‌ಹೋಲ್ಡರ್_ತುಮಕೂರು
ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ನಮ್ಮತ್ತೆ ಅಡುಗೆಮನೆ ಬಾಗಿಲೇ ತೆಗೆಯಲ್ಲ ಮೇಡಂ. ದಾರಿ ಹೇಳಿ.

ಕೋಲಾರ_ಡಯಟ್
ಬೆಳ್ಳುಳ್ಳಿಯ ಆ ಅಂಶ ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡುವುದಿಲ್ಲ. ಒಗ್ಗರಣೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಎಸಳು ಕೆಂಪಗೆ ಹುರಿಯಿರಿ. ಸಾರಿಗೆ ಹಾಕುವ ಮುಂಚೆ ಎಸಳು ಎತ್ತಿ ಗಂಡನ ತಟ್ಟೆಗೆ ಹಾಕಿ. ಎಣ್ಣೆಗೆ ಘಮ ಬಂದಿರುತ್ತದೆ. ಈರುಳ್ಳಿ ಬದಲು ಈರುಳ್ಳಿ ಹೂವಿನ ಹಸಿರು ಭಾಗ ಮಾತ್ರ ಹಾಕಬಹುದು. ಇಂಗು ಸರಿ, ಆದರೆ ಅಂಗಡಿ ಇಂಗಿನಲ್ಲಿ ಬಹಳಷ್ಟು ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಡಬ್ಬಿ ಹಿಂದೆ ಓದಿ.

ಕಾಳು ರಾತ್ರಿ ನೆನೆಸಿ, ಆ ನೀರು ಚೆಲ್ಲಿ. ಬೇಯಿಸಿದ ನೀರೂ ಚೆಲ್ಲಿದರೆ ಇನ್ನೂ ಒಳ್ಳೆಯದು.

ಬಸ್ಸಾರು_ಭಕ್ತ
ಏನು? ಬೇಯಿಸಿದ ನೀರು ಚೆಲ್ಲೋದಾ? ಬಸ್ಸಾರಿನ ಕಟ್ಟು ಚೆಲ್ಲು ಅಂದರೆ ಮಂಡ್ಯದಿಂದ ಮುಳಬಾಗಿಲವರೆಗೆ ದೊಂಬಿ ಆಗುತ್ತದೆ ಮೇಡಂ.

ಕೋಲಾರ_ಡಯಟ್
ದೊಂಬಿ ಬೇಡ ಸರ್. ನೀವು ಕಟ್ಟು ಕುಡಿಯಿರಿ. ಯೋಚಿಸಿ ನೋಡಿ, ಬಸ್ಸಾರಲ್ಲಿ ಕಾಳಿನ ಗ್ಯಾಸ್ ಅಂಶ ಹೋಗುವುದೇ ಬಸಿದ ನೀರಿಗೆ. ಅದೇ ನೀರಲ್ಲಿ ಸಾರು ಮಾಡಿ, ಅದಕ್ಕೆ ಈರುಳ್ಳಿ ಬೆಳ್ಳುಳ್ಳಿ ರುಬ್ಬಿ ಹಾಕುತ್ತೇವೆ. ಒಗ್ಗದವರಿಗೆ ಅಷ್ಟೂ ಅದರಲ್ಲೇ ಸೇರಿರುತ್ತದೆ. ಹಾಗಾಗಿ ಅದೇ ಅಡುಗೆಯಲ್ಲಿ ಪಾಸ್‌ಹೋಲ್ಡರ್ ಮೇಡಂ ಪಲ್ಯ ಜಾಸ್ತಿ ಹಾಕಿಕೊಳ್ಳಲಿ, ಸಾರು ನಾಲ್ಕು ಚಮಚ ಸಾಕು. ಮುದ್ದೆ ನುಂಗೋಕೆ ಮಜ್ಜಿಗೆ ಇಟ್ಟುಕೊಳ್ಳಲಿ. ಬೇರೆ ಅಡುಗೆ ಬೇಡ, ತಟ್ಟೆಯಲ್ಲಿ ಅಳತೆ ಬೇರೆ ಅಷ್ಟೇ.

ಬಸ್ಸಾರು_ಭಕ್ತ
ಇದು ಒಪ್ಪಬಹುದು. ಮಜ್ಜಿಗೆಯಲ್ಲಿ ಮುದ್ದೆ ಮಾತ್ರ ಮನಸ್ಸಿಗೆ ಬರುತ್ತಿಲ್ಲ.

ಗೌರಿಬಿದನೂರು_ಅಮ್ಮ
ಅವರೆಕಾಯಿ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಸೊಸೆಗೂ ಇದೇ ತೊಂದರೆ. ಸೊಗಡು ಅವರೆ ಬಂದ ಮೇಲೆ ಅವಳಿಗೆ ಬಿಡು ಅಂತ ಹೇಳೋಕೆ ನನಗೇ ಮನಸ್ಸು ಬರಲ್ಲ. ಹಿದುಕೋದಕ್ಕೆ ರಾತ್ರಿ ನೆನೆಸಿದ ನೀರನ್ನು ಚೆಲ್ಲುತ್ತೇವೆ. ಅವಳಿಗೆ ಉಪ್ಪಿಟ್ಟಿಗೆ ಒಂದು ಹಿಡಿ ಕಾಳು ಹಾಕಿದರೆ ಏನೂ ಆಗಲ್ಲ. ಸಾರಿನ ತುಂಬ ಕಾಳು ತಿಂದ ದಿನ ರಾತ್ರಿ ಎದ್ದು ಓಡಾಡುತ್ತಾಳೆ. ಮುಟ್ಟಿನ ಹಿಂದಿನ ವಾರ ಅವರೆ ಮುಟ್ಟುವುದಿಲ್ಲ. ಆ ವಾರ ಬೆರಕೆ ಸೊಪ್ಪು, ಹೀರೇಕಾಯಿ, ಸೌತೆಕಾಯಿ, ಕುಂಬಳಕಾಯಿ.

ಚಿಂತಾಮಣಿಯವಳು
ಸೊಸೆಗೆ ಕಾಳು ಎಣಿಸಿ ಹಾಕುವ ಅತ್ತೆ! ನಿಮ್ಮ ಮನೆ ವಿಳಾಸ ಕೊಡಿ ಅಮ್ಮ, ನಾನೂ ಬಂದಿರುತ್ತೇನೆ.

ಶಿಡ್ಲಘಟ್ಟ_ರೇಷ್ಮೆ
ಎಲ್ಲರೂ ಏನು ತಿನ್ನಬೇಕು ಅಂತ ಹೇಳುತ್ತಿದ್ದೀರಿ. ನೋವು ಬಂದ ದಿನ ಒಲೆ ಹಚ್ಚುವವರು ಯಾರು? ನಮ್ಮದು ರೇಷ್ಮೆ ಹುಳು ಸಾಕುವ ಮನೆ. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹೊತ್ತು) ಎದ್ದ ಮೇಲೆ ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು. ನನಗೆ ಹೊಟ್ಟೆ ನೋವು ಅಂತ ಹುಳ ಕಾಯುತ್ತಾ? ಹುಳಕ್ಕೆ ಸೊಪ್ಪು ಹಾಕಿ ಬಂದು ಮನುಷ್ಯರಿಗೆ ಬೇಯಿಸೋಕೆ ಕೈ ಎತ್ತಲ್ಲ. ಆ ದಿನ ನಾನು ತಿನ್ನುತ್ತಿದ್ದಿದ್ದು ಟೀ ಮತ್ತು ಬನ್ನು. ಮಾತ್ರೆ ಖಾಲಿ ಹೊಟ್ಟೆಗೆ ನುಂಗಿ ಉರಿ ಬೇರೆ.

ಅದಕ್ಕೇ ನಾನು ಯೋಚನೆ ಮಾಡೋದು ಆ ಕೆಟ್ಟ ದಿನಗಳ ಊಟದ್ದು ಮಾತ್ರ. ಉಳಿದ ದಿನ ಮನೆಯಲ್ಲಿ ಮಾಡಿದ್ದು. ನೋವಿಲ್ಲದ ವಾರದಲ್ಲಿ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿಸಿ ಇಡುತ್ತೇನೆ. ಬಿಸಿನೀರಿಗೆ ಕಲಸಿದರೆ ಗಂಜಿ ಆಯಿತು, ಮಜ್ಜಿಗೆ ಹಾಕಿಕೊಂಡು ಕುಡಿದರೆ ಹೊಟ್ಟೆ ತಣ್ಣಗಿರುತ್ತದೆ. ಇಡ್ಲಿ ಹಿಟ್ಟು ಫ್ರಿಜ್ಜಲ್ಲಿ ಇರಲೇಬೇಕು. ಹೆಸರುಬೇಳೆ ತೊಳೆದು ಒಣಗಿಸಿ ಅಕ್ಕಿ ಜೊತೆ ಅಳೆದು ಡಬ್ಬಿಗೆ ಹಾಕಿಟ್ಟಿರುತ್ತೇನೆ, ಮೆಣಸು ಜೀರಿಗೆನೂ ಅದರಲ್ಲೇ. ಯಾರಾದರೂ ಕುಕ್ಕರಿಗೆ ಸುರಿದು ನೀರು ಹಾಕಿ ಕೂಗಿಸಿದರೆ ಪೊಂಗಲ್. ಡಬ್ಬಿ ಮೇಲೆ "ಮೂರು ಲೋಟ ನೀರು, ನಾಲ್ಕು ಕೂಗು" ಅಂತ ಬರೆದು ಅಂಟಿಸಿದ್ದೇನೆ. ನಮ್ಮ ಯಜಮಾನರಿಗೆ ಓದೋಕೆ ಬರುತ್ತದೆ.

ಪಾಸ್‌ಹೋಲ್ಡರ್_ತುಮಕೂರು
ಶಿಡ್ಲಘಟ್ಟ ಅಕ್ಕ, ನಾನು ಹುಡುಕುತ್ತಿದ್ದದ್ದು ಇದೇ. ಡಬ್ಬಿ ಮೇಲೆ ಬರೆಯೋದಂತೂ ಇವತ್ತೇ ಮಾಡುತ್ತೇನೆ.

ಬಂಗಾರಪೇಟೆ_ಪಾನಿಪುರಿ
ಗಂಡಂದಿರ ಕಡೆಯಿಂದ ಒಬ್ಬ. ನನ್ನ ಹೆಂಡತಿಗೆ ಎಂಡೊ ಇದೆ. ಆ ದಿನಗಳಲ್ಲಿ ಮುದ್ದೆ ನಾನೇ ತಿರುವುತ್ತೇನೆ. ಎಸರು ಕುದಿಯುವಾಗ ಸ್ವಲ್ಪ ಹಿಟ್ಟು ಕಲಸಿ ಬಿಟ್ಟು, ಆಮೇಲೆ ಉಳಿದ ಹಿಟ್ಟು ಮಧ್ಯದಲ್ಲಿ ಗುಡ್ಡೆ ಹಾಕಿ, ಮುಚ್ಚಿ ಬೇಯಿಸಿ, ಕೋಲಲ್ಲಿ ತಿರುವಬೇಕು. ಮೊದಮೊದಲು ಗಂಟಾಗುತ್ತದೆ. ತಿನ್ನುವವರು ಬಾಯಿ ಮುಚ್ಚಿಕೊಂಡು ತಿಂದರೆ ನಾಲ್ಕು ಸಲಕ್ಕೆ ಬರುತ್ತದೆ.

ಬಸ್ಸಾರು_ಭಕ್ತ
ಮೊದಲೇ ಹಿಟ್ಟು ಕಲಸಿ ಬಿಡೋದು ಗಂಜಿಗೆ. ಮುದ್ದೆಗೆ ಒಣ ಹಿಟ್ಟೇ ಹಾಕಬೇಕು.

ಬಂಗಾರಪೇಟೆ_ಪಾನಿಪುರಿ
ನೀವು ಬಂದು ತಿರುವಿ ಸರ್, ನೋಡೋಣ.

ಕ್ಯಾತ್ಸಂದ್ರ_ತಟ್ಟೆ
ನಮ್ಮೂರ ಹೋಟೆಲ್ ತಟ್ಟೆ ಇಡ್ಲಿ ತಿನ್ನಬಹುದಾ ಇವರು? ಟ್ರೇನ್ ಮಿಸ್ ಆದರೆ ಬೇರೆ ಗತಿ ಇಲ್ಲ.

ಕೋಲಾರ_ಡಯಟ್
ಧಾರಾಳವಾಗಿ. ಅಕ್ಕಿ-ಉದ್ದು ಹುಳಿ ಬಂದಿರುತ್ತದೆ, ಅರಗುವುದು ಸುಲಭ. ಬೆಣ್ಣೆ ಸ್ವಲ್ಪ. ಜೊತೆಗೆ ವಡೆ, ಬೋಂಡ ಬೇಡ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿರುತ್ತಾರೆ.

ಮುಳಬಾಗಿಲು_ದೋಸೆ
ತಟ್ಟೆ ಇಡ್ಲಿಗೆ ಸೋಡಾ ಹಾಕುತ್ತಾರೆ. ದೋಸೆ ತಿನ್ನಲಿ.

ಕ್ಯಾತ್ಸಂದ್ರ_ತಟ್ಟೆ
ಸೋಡಾ ಅಲ್ಲ, ಸಬ್ಬಕ್ಕಿ. ಮೆತ್ತಗಿರೋದು ಅದಕ್ಕೇ. ನಿಮ್ಮ ದೋಸೆಯಲ್ಲಿ ಎಷ್ಟು ತುಪ್ಪ ಅಂತ ನಾವು ಕೇಳಿದ್ವಾ?

ತಿಪಟೂರು_ಕೊಬ್ಬರಿ
ಎಣ್ಣೆ ಮಾತು ಬಂತಲ್ಲ. ತೆಂಗಿನೆಣ್ಣೆ ಒಳ್ಳೆಯದಾ ಕೆಟ್ಟದ್ದಾ? ಊರ ಮರ್ಯಾದೆ ಪ್ರಶ್ನೆ.

ಕೋಲಾರ_ಡಯಟ್
ತೆಂಗಿನಕಾಯಿ ಅಡುಗೆಗೆ ಹಾಕಿ, ಏನೂ ತೊಂದರೆ ಇಲ್ಲ. ಅದನ್ನೇ ಔಷಧಿ ಅಂತ ಚಮಚದಲ್ಲಿ ಕುಡಿಯಬೇಡಿ. ಭಯ ಪಡಬೇಕಾದ್ದು ವನಸ್ಪತಿ ಹಾಕಿದ ಬೇಕರಿ ತಿಂಡಿಗೆ, ಅದರಲ್ಲಿ ಎಣ್ಣೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಇರುತ್ತಿತ್ತು. ಅಮೆರಿಕದಲ್ಲಿ ನರ್ಸುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಮಾಡಿದ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಟ್ರಾನ್ಸ್ ಕೊಬ್ಬು ತೀರಾ ಜಾಸ್ತಿ ತಿಂದವರಲ್ಲಿ ಎಂಡೊ ಪತ್ತೆಯಾಗುವುದು ಹೆಚ್ಚಿತ್ತು, ಒಮೆಗಾ-3 ಎಂಬ ಒಳ್ಳೆ ಕೊಬ್ಬು ಜಾಸ್ತಿ ತಿಂದವರಲ್ಲಿ ಕಡಿಮೆ ಇತ್ತು. ನಮ್ಮ ದೇಶದಲ್ಲಿ 2022ರಿಂದ ಟ್ರಾನ್ಸ್ ಕೊಬ್ಬಿಗೆ 2% ಮಿತಿ ಬಂದಿದೆ. ಆದರೂ ಪಫ್ ದಿನಾ ತಿನ್ನೋ ಪದಾರ್ಥ ಅಲ್ಲ.

ಪಾವಗಡ_ಬಿಸಿಲು
ಒಮೆಗಾ-3 ಅಂದರೆ ಮೀನು ಅಲ್ವಾ? ನಮ್ಮ ಕಡೆ ಕೆರೆಯೇ ತುಂಬಲ್ಲ, ಮೀನು ಎಲ್ಲಿಂದ ತರಲಿ? ಭಾನುವಾರ ಮಟನ್ ತಪ್ಪಿಸೋಕಾಗಲ್ಲ.

ಕೋಲಾರ_ಡಯಟ್
ಮಂಗಳೂರು ಕಡೆಯಿಂದ ಐಸಲ್ಲಿ ಬರುವ ಬೂತಾಯಿ, ಬಂಗುಡೆ ಸಿಕ್ಕರೆ ತನ್ನಿ. ಕೆರೆ ಮೀನಿಗಿಂತ ಅವುಗಳಲ್ಲಿ ಒಮೆಗಾ-3 ಜಾಸ್ತಿ. ತಿನ್ನದವರು ಅಗಸೆ ಬೀಜ ಹುರಿದು ಚಟ್ನಿಪುಡಿ ಮಾಡಿಕೊಳ್ಳಿ. ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಲೇಬೇಕು. ಮಟನ್ ಭಾನುವಾರಕ್ಕೆ ನಿಂತರೆ ಸಾಕು. ಅದೇ ನರ್ಸುಗಳ ಅಧ್ಯಯನದಲ್ಲಿ ಅಪಾಯ ಜಾಸ್ತಿ ಕಂಡಿದ್ದು ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಕೆಂಪು ಮಾಂಸ ತಿನ್ನುವವರಲ್ಲಿ. ನಮ್ಮಲ್ಲಿ ಯಾರು ಹಾಗೆ ತಿನ್ನುತ್ತಾರೆ?

ಪಾವಗಡ_ಬಿಸಿಲು
ನಮ್ಮ ಮಾವ.

ಹೊಸಕೆರೆ_ಸೂರಿ
ಫಾರಂ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಡ್ತಾರೆ, ಹೆಣ್ಣುಮಕ್ಕಳಿಗೆ ಈ ಕಾಯಿಲೆ ಅದರಿಂದಲೇ.

ಮಾಲೂರು_ಡೈರಿ
ಶೆಡ್ಡಲ್ಲಿ ಸಾವಿರಾರು ಕೋಳಿ ಇರುತ್ತವೆ. ಒಂದೊಂದನ್ನೇ ಹಿಡಿದು ಸೂಜಿ ಚುಚ್ಚುವ ಪುರುಸೊತ್ತು ಯಾರಿಗಿದೆ ಸರ್? ಬೇಗ ಬೆಳೆಯೋದು ತಳಿ ಮತ್ತು ಫೀಡ್‌ನಿಂದ. ನಮ್ಮ ಭಾವಂದೇ ಫಾರಂ.

ಗೌರಿಬಿದನೂರು_ಅಮ್ಮ
ರಕ್ತ ಕಡಿಮೆ ಇರೋರಿಗೆ ಒಂದು ಮಾತು. ನಮ್ಮ ಸೊಸೆಗೆ ಹಿಮೋಗ್ಲೋಬಿನ್ ಏರುತ್ತಲೇ ಇರಲಿಲ್ಲ. ಊಟ ಆದ ತಕ್ಷಣ ಟೀ ಕುಡಿಯೋದು ಅವಳ ಅಭ್ಯಾಸ. ಸೊಪ್ಪಲ್ಲಿರೋ ಕಬ್ಬಿಣ ಟೀ ಜೊತೆ ಮೈಗೆ ಹತ್ತಲ್ಲ ಎಂದು ಅಂಗನವಾಡಿ ಟೀಚರ್ ಹೇಳಿದರು. ಈಗ ಊಟಕ್ಕೂ ಟೀಗೂ ಒಂದು ಗಂಟೆ ಅಂತರ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡುತ್ತೇನೆ, ಇಲ್ಲಾಂದರೆ ನೆಲ್ಲಿಕಾಯಿ ಚಟ್ನಿ.

ಕೋಲಾರ_ಡಯಟ್
ಅಮ್ಮ ಹೇಳಿದ್ದು ಸರಿಯಾಗಿದೆ. ಕಬ್ಬಿಣದ ಮಾತ್ರೆ ಜೊತೆಗೂ ಟೀ, ಹಾಲು ಬೇಡ. ಆ ಮಾತ್ರೆಯಿಂದ ಮಲ ಗಟ್ಟಿಯಾದರೆ ನೀರು, ಸೀಬೆಹಣ್ಣು, ಪಪ್ಪಾಯಿ ಜಾಸ್ತಿ ಮಾಡಿ. ಎಂಡೊ ಇರುವವರಿಗೆ ಮಲಬದ್ಧತೆ ಆದರೆ ನೋವು ದುಪ್ಪಟ್ಟು. ಆದರೂ ಸರಿಹೋಗದಿದ್ದರೆ ಮಾತ್ರೆ ಬದಲಿಸಿ ಕೊಡಲು ಕೇಳಿ, ನೀವಾಗಿ ನಿಲ್ಲಿಸಬೇಡಿ.

ನಾಟಿಮದ್ದು_ಅಭಿಮಾನಿ
ಮಾತ್ರೆ ಮಾತ್ರೆ ಅಂತೀರಿ. ಹಿರಿಯರು ಹೇಳುತ್ತಿದ್ದರು, ಒಂದು ಮಗು ಆದರೆ ಎಲ್ಲ ಸರಿಹೋಗುತ್ತದೆ ಅಂತ.

ಚಿಂತಾಮಣಿಯವಳು
ಸರ್, ನನಗೆ ಎರಡು ಮಕ್ಕಳು. ಸರಿಹೋಗಿಲ್ಲ. ಮಕ್ಕಳು ಬೇಕು ಅನ್ನಿಸಿದರೆ ಮಾಡಿಕೊಳ್ಳಬೇಕು, ಕಾಯಿಲೆಗೆ ಮದ್ದು ಅಂತ ಅಲ್ಲ.

ಕೋಲಾರ_ಡಯಟ್
ಯುರೋಪಿನ ತಜ್ಞರು 2022ರಲ್ಲಿ ಬರೆದ ಮಾರ್ಗಸೂಚಿಯಲ್ಲೂ ಇದನ್ನೇ ಹೇಳಿದ್ದಾರೆ: ಕಾಯಿಲೆ ವಾಸಿಗೆಂದೇ ಬಸುರಿಯಾಗಿ ಎಂದು ಯಾರಿಗೂ ಸಲಹೆ ಕೊಡಬಾರದು.

ಪಾಸ್‌ಹೋಲ್ಡರ್_ತುಮಕೂರು
ನಾನು ಈ ವಾರಕ್ಕೆ ಅಂದುಕೊಂಡಿದ್ದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಬೆಳಿಗ್ಗೆ ಇಡ್ಲಿ ಅಥವಾ ಅವಲಕ್ಕಿ. ಡಬ್ಬಿಗೆ ಅನ್ನ, ಸೊಪ್ಪಿನ ಪಲ್ಯ, ಮೊಸರು, ಅದನ್ನು ಚಿಂತಾಮಣಿ ಲೆಕ್ಕದಲ್ಲಿ ಎರಡು ಪಾಲು. ರಾತ್ರಿ ಎಲ್ಲರ ಜೊತೆ ಮುದ್ದೆ, ಸಾರು ಮಾತ್ರ ಕಡಿಮೆ. ಅವರೆ ವಾರಕ್ಕೆರಡು ಸಲ, ಒಂದು ಹಿಡಿ. ಅತ್ತೆಗೆ ಬೆಳ್ಳುಳ್ಳಿ ಎಣ್ಣೆ ವಿಷಯ ಹೇಳಿದೆ. "ಎಸಳು ಎತ್ತಿದರೆ ಒಗ್ಗರಣೆ ಅಂತ ಯಾರು ಕರೀತಾರೆ" ಅಂದರು. ಆದರೆ ರಾತ್ರಿ ಎತ್ತಿದ್ದರು.

ಕೋಲಾರ_ಡಯಟ್
ಚೆನ್ನಾಗಿದೆ. ಮೊಟ್ಟೆ ತಿನ್ನುವವರಾದರೆ ಡಬ್ಬಿಗೆ ಒಂದು ಹಾಕಿಕೊಳ್ಳಿ, ಕಾಳು ಕಡಿಮೆ ಮಾಡಿದ್ದೀರಲ್ಲ. ಒಂದು ಹಳೇ ಡೈರಿಯಲ್ಲಿ ತಿಂದಿದ್ದು, ಉಬ್ಬರ, ನೋವು, ಮುಟ್ಟಿನ ದಿನ ಬರೆಯುತ್ತಾ ಹೋಗಿ. ಎರಡು ತಿಂಗಳಾದ ಮೇಲೆ ಯಾವುದು ನಿಮಗೆ ಆಗಲ್ಲ ಎಂದು ಅದರಲ್ಲೇ ಕಾಣುತ್ತದೆ, ಯೂಟ್ಯೂಬ್ ಬೇಕಾಗಲ್ಲ.

ಶ್ರೀನಿವಾಸಪುರ_ಮಾವು
ಎಲ್ಲ ಓದಿದೆ. ಸ್ವಲ್ಪ ಬೇರೆ ವಿಷಯ. ನನ್ನ ಮಗಳು ಪಿಯುಸಿ. ತಿಂಗಳು ತಿಂಗಳು ಎರಡು ದಿನ ಕಾಲೇಜಿಗೆ ಹೋಗಲ್ಲ, ವಾಂತಿ ಮಾಡಿಕೊಳ್ಳುತ್ತಾಳೆ. ನಮ್ಮಮ್ಮ "ಎಲ್ಲರಿಗೂ ಇರೋದೇ, ಮೆಂತ್ಯ ನುಂಗಿಸು" ಅಂತಾರೆ. ಅವಳಿಗೂ ಈ ಊಟ ಶುರು ಮಾಡಲಾ?

ಚಿಂತಾಮಣಿಯವಳು
ಊಟ ಆಮೇಲೆ. ಮೊದಲು ಹೆಂಗಸರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನನಗೂ ಹತ್ತನೇ ಕ್ಲಾಸಿಂದ "ಎಲ್ಲರಿಗೂ ಇರೋದೇ" ಅಂತಲೇ ಹೇಳಿದರು, ಗೊತ್ತಾಗಿದ್ದು ಮದುವೆ ಆಗಿ ಎಷ್ಟೋ ವರ್ಷಕ್ಕೆ.

ಕೋಲಾರ_ಡಯಟ್
ಹೌದು. ಕಾಲೇಜು ತಪ್ಪುವಷ್ಟು ನೋವು ಮಾಮೂಲಿ ಅಲ್ಲ. ಎಂಡೊನೇ ಎಂದು ನಾನು ಹೇಳುತ್ತಿಲ್ಲ, ಬೇರೆ ಕಾರಣವೂ ಇರಬಹುದು. ಹೋಗುವಾಗ ಬರೆದುಕೊಂಡು ಹೋಗಿ: ಯಾವ ಯಾವ ತಾರೀಕು, ಎಷ್ಟು ದಿನ ಕಾಲೇಜು ತಪ್ಪಿತು, ಮಲ-ಮೂತ್ರಕ್ಕೆ ಹೋಗುವಾಗ ನೋವಿದೆಯಾ, ಯಾವ ಮಾತ್ರೆಗೆ ಎಷ್ಟು ಹೊತ್ತು ತಗ್ಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ಎಂಡೊ ಇರಬಹುದು. "ಸ್ಕ್ಯಾನ್ ನಾರ್ಮಲ್" ಎಂದು ವಾಪಸ್ ಕಳಿಸಿದರೆ, ನೋವು ಹಾಗೇ ಇದ್ದರೆ ಇನ್ನೊಬ್ಬರಿಗೆ ತೋರಿಸಿ. ಅಲ್ಲಿಯವರೆಗೆ ಏನನ್ನೂ ಬಿಡಿಸಬೇಡಿ, ಬೆಳೆಯುವ ಹುಡುಗಿ. ಮಾತ್ರೆ ಕೊಡುವ ಮುಂಚೆ ಹೊಟ್ಟೆಗೆ ಏನಾದರೂ ಬಿದ್ದಿರಲಿ, ಅಷ್ಟು ನೋಡಿಕೊಳ್ಳಿ.

ಶ್ರೀನಿವಾಸಪುರ_ಮಾವು
ಸರಿ ಮೇಡಂ. ತಾರೀಕು ಅವಳ ಫೋನಲ್ಲೇ ಇವೆಯಂತೆ. ಸೋಮವಾರ ಕೋಲಾರಕ್ಕೆ ಕರೆದುಕೊಂಡು ಬರುತ್ತೇನೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದರೆ ಚೀಟಿ ಸಿಗುತ್ತದೆ?

ಕೋಲಾರ_ಡಯಟ್
ಎಂಟೂವರೆಗೆ ಬಂದು ನಿಂತುಬಿಡಿ. ತಿಂಡಿ ತಿಂದುಕೊಂಡೇ ಬನ್ನಿ.